ಪಿ.ಬಿ. ರಸ್ತೆಯ 'ಮಿಲ್ಟ್ರಿ ಮೇಸ್ತ್ರಿ' ಗೊತ್ತಿದ್ದವರು ಯಾರಾದರೂ ಇದ್ದೀರಾ? ಅವರು ನಮ್ಮ ಅಪ್ಪಾಜಿ

ದೊಡ್ಡ ಮಗಳು:

ಎಲ್ಲರಿಗೂ ನಮಸ್ಕಾರ. ಇಲ್ಲಿ ದಾವಣಗೆರೆ, ದುರ್ಗದ ಹಳಬರು ತುಂಬಾ ಜನ ಇದ್ದೀರಿ. ಲಾರಿ ಲೈನಿನವರೂ ಇದ್ದೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪಿ.ಬಿ. ರಸ್ತೆಯಲ್ಲಿ ಆವರಗೆರೆ ಕಡೆಗೆ ಹೋಗುವಾಗ ಒಂದು ತಗಡಿನ ಶೆಡ್ಡು ಇತ್ತು. ಬೋರ್ಡು ಇರಲಿಲ್ಲ. ಡ್ರೈವರುಗಳು ಅದನ್ನು 'ಮಿಲ್ಟ್ರಿ ಗ್ಯಾರೇಜು' ಅಂತ ಕರೆಯುತ್ತಿದ್ದರು, ಅಪ್ಪಾಜಿಯನ್ನು 'ಮಿಲ್ಟ್ರಿ ಮೇಸ್ತ್ರಿ' ಅಂತ. ಹೋದ ತಿಂಗಳು ಅಪ್ಪಾಜಿ ತೀರಿಕೊಂಡರು. 77 ತುಂಬಿತ್ತು. ಕಾರ್ಯ ಎಲ್ಲ ಮುಗಿಯಿತು, ನೆಂಟರು ಊರಿಗೆ ಹೋದರು. ಈಗ ಅವ್ವ ಮತ್ತು ನಾನು ಇಬ್ಬರೇ ಅವರ ಟ್ರಂಕು ತೆಗೆದು ಕೂತಿದ್ದೇವೆ.

ಅಪ್ಪಾಜಿ ಜಗಳೂರು ಸೀಮೆಯವರು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ ಅನ್ನುವಂಥ ಊರು. 1967ರಲ್ಲಿ ಸೈನ್ಯಕ್ಕೆ ಸೇರಿದರು. ಇಎಂಇಯಲ್ಲಿ, ಅಂದರೆ ಸೈನ್ಯದ ಗಾಡಿ, ಯಂತ್ರ ರಿಪೇರಿ ಮಾಡುವ ದಳದಲ್ಲಿ, ವಾಹನ ಮೆಕ್ಯಾನಿಕ್. ಸಿಕಂದರಾಬಾದಿನಲ್ಲಿ ಟ್ರೈನಿಂಗು. 1984ರಲ್ಲಿ ಹವಾಲ್ದಾರ್ ಆಗಿ ಮನೆಗೆ ಬಂದರು. ಆಮೇಲೆ ಸುಮಾರು 28 ವರ್ಷ ಆ ಗ್ಯಾರೇಜು. ಬೈಪಾಸ್ ಆದ ಮೇಲೆ ಲಾರಿಗಳು ಊರೊಳಗೆ ಬರುವುದೇ ಕಮ್ಮಿ ಆಯಿತು. ಆದರೂ ಹಳೇ ಗಿರಾಕಿಗಳು ಹುಡುಕಿಕೊಂಡು ಬರುತ್ತಿದ್ದರು.

ನನಗೆ ನೆನಪಿರುವ ಅಪ್ಪಾಜಿ ಅಂದರೆ ಜಡೆ ಹೆಣೆಯುವ ಅಪ್ಪಾಜಿ. ಅವ್ವ ಪಕ್ಕದ ಹಳ್ಳಿಯ ಅಂಗನವಾಡಿಯಲ್ಲಿದ್ದಳು, ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಬೇಕು. ನಾನು, ನನ್ನ ತಂಗಿ, ಇಬ್ಬರಿಗೂ ಸ್ಕೂಲಿಗೆ ಎರಡು ಜಡೆ, ರಿಬ್ಬನ್ ಕಡ್ಡಾಯ. ಅಪ್ಪಾಜಿ ಮೊದಲು ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದರು, ಆಮೇಲೆ ಸೋಪಿನ ಪುಡಿ ಹಾಕಿ ಉಜ್ಜುತ್ತಿದ್ದರು, ಆಮೇಲೆ ಬೆರಳನ್ನು ಮೂಗಿಗೆ ಹಿಡಿದು ವಾಸನೆ ನೋಡಿಕೊಂಡು, ಇನ್ನೂ ಡೀಸೆಲ್ ವಾಸನೆ ಬಂದರೆ ಇನ್ನೊಂದು ಸಲ ತೊಳೆದುಕೊಂಡು ಬಂದು, ಆಮೇಲೇ ನಮ್ಮ ತಲೆ ಮುಟ್ಟುತ್ತಿದ್ದರು. ರಾತ್ರಿಯೆಲ್ಲ ರೋಡಿನ ಮೇಲೆ ಬ್ರೇಕ್‌ಡೌನ್ ಕೆಲಸ ಮಾಡಿದ್ದರೂ ಏಳೂವರೆಗೆ ಮನೆಯಲ್ಲಿ ಇರುತ್ತಿದ್ದರು. ಸೈನ್ಯದಲ್ಲಿದ್ದಾಗ ವರ್ಷಕ್ಕೆ ಎರಡು ತಿಂಗಳ ರಜೆಯಲ್ಲಷ್ಟೇ ನಮ್ಮನ್ನು ನೋಡಿದ್ದು. ನಾನು ನಡೆಯಲು ಕಲಿತದ್ದನ್ನು ಅವರು ಕಾಗದದಲ್ಲಿ ಓದಿದರು. ಅದನ್ನು ಅವರು ಯಾವತ್ತೂ ಮರೆಯಲಿಲ್ಲ ಅನ್ನಿಸುತ್ತದೆ. ನಮ್ಮ ಮೇಲೆ ಒಂದು ದಿನವೂ ಸಿಟ್ಟು ಮಾಡಿದ್ದು ನೆನಪಿಲ್ಲ.

ಸೈನ್ಯದ ಮಾತು ಮಾತ್ರ ಆಡುತ್ತಿರಲಿಲ್ಲ. ಕೇಳಿದರೆ "ಗಾಡಿ ರಿಪೇರಿ ಮಾಡ್ತಿದ್ದೆ ಕಣವ್ವ, ಇಲ್ಲಿ ಮಾಡಲ್ವಾ, ಹಂಗೇ" ಅನ್ನುತ್ತಿದ್ದರು.

ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್ಕು, ಮೂರು ಪದಕ, ಒಂದು ಪಾನಾ ಚೀಲ ಇವೆ. ಪದಕದಲ್ಲಿ ಒಂದು ನಕ್ಷತ್ರದ ಆಕಾರದ್ದು. ಎರಡು ದುಂಡನೆಯವು. ಚೀಲ ತಾಡಪಾಲು ಬಟ್ಟೆಯದು, ಸುತ್ತಿ ಕಟ್ಟುವಂಥದ್ದು. ಒಳಗೆ ಈ ಕಡೆ ಎಂಟು, ಆ ಕಡೆ ಎಂಟು ಜೇಬು, ಒಂದೊಂದರಲ್ಲಿ ಒಂದೊಂದು ಪಾನಾ. ಪ್ರತಿ ಜೇಬಿನ ಬಾಯಿಗೂ ದಪ್ಪ ದಾರದ ಗಂಟುಗಳಿವೆ. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಹೀಗೆ ಎಂಟರವರೆಗೆ. ಅಂದಕ್ಕೆ ಇರಬೇಕು ಅಂದುಕೊಂಡೆ. ಅವ್ವನನ್ನು ಕೇಳಿದರೆ "ಅವರು ಹೇಳಿದ್ರು, ಹೊಲಿದೆ" ಅಂದಳು, ಅಷ್ಟೇ. ಈಗ ಅವಳಿಗೆ ಜಾಸ್ತಿ ಕೇಳುವುದಕ್ಕೆ ನನಗೆ ಮನಸ್ಸಾಗುತ್ತಿಲ್ಲ.

ಪದಕ ಯಾವುವು ಅಂತ ಗೊತ್ತಿದ್ದವರು ತಿಳಿಸಿ. ಗ್ಯಾರೇಜಿನಲ್ಲಿ ಅಪ್ಪಾಜಿಯನ್ನು ಕಂಡವರು ಇದ್ದರೆ ಏನಾದರೂ ಬರೆಯಿರಿ, ಸಣ್ಣದಾದರೂ ಸರಿ. ಪಾನಾ ಚೀಲವನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ. ಗುಜರಿಗೆ ಹಾಕುವುದಂತೂ ನನ್ನಿಂದ ಆಗದು.

ಹಿರಿಯೂರಿನ ಮಾಜಿ ಸೈನಿಕ:

ತಾಯೀ, ನಿಮ್ಮ ತಂದೆಯವರಿಗೆ ನನ್ನ ಸೆಲ್ಯೂಟ್. ನಾನೂ ಇಎಂಇ. ಅವರಿಗಿಂತ ಹತ್ತು ವರ್ಷ ಆಮೇಲೆ ಸೇರಿದವನು, ಒಟ್ಟಿಗೆ ಕೆಲಸ ಮಾಡಿದ್ದಿಲ್ಲ.

ಪದಕದ ವಿಷಯ. ಡಿಸ್ಚಾರ್ಜ್ ಬುಕ್ಕಿನಲ್ಲಿ ಪದಕಗಳ ಪಟ್ಟಿ ಇರುತ್ತದೆ, ನೋಡಿ. ನಕ್ಷತ್ರದ್ದು 1971ರ ಯುದ್ಧದ್ದು ಇರಬೇಕು. ಆ ಯುದ್ಧಕ್ಕೆ ಎರಡು ಸ್ಟಾರ್ ಕೊಟ್ಟರು. ಪೂರ್ವದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್. ಪಂಜಾಬ್, ಜಮ್ಮು, ರಾಜಸ್ಥಾನದ ಕಡೆ ಇದ್ದವರಿಗೆ ಪಶ್ಚಿಮಿ ಸ್ಟಾರ್. ದುಂಡನೆಯವುಗಳಲ್ಲಿ ಒಂದು ಸಂಗ್ರಾಮ್ ಮೆಡಲ್ ಇರಬಹುದು, ಅದೂ 1971ರದ್ದೇ. ಇನ್ನೊಂದು ಸ್ವಾತಂತ್ರ್ಯಕ್ಕೆ 25 ವರ್ಷ ಆದಾಗ, 1972ರಲ್ಲಿ ಸೇವೆಯಲ್ಲಿದ್ದವರಿಗೆ ಕೊಟ್ಟದ್ದು. ದುಂಡು ಪದಕದ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಅವರ ನಂಬರು, ಹೆಸರು ಕೊರೆದಿರುತ್ತಾರೆ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇಎಂಇ ಅಂದರೆ ಜನಕ್ಕೆ ಗೊತ್ತಾಗುವುದಿಲ್ಲ, ಅದು ನನಗೆ ಯಾವತ್ತೂ ಬೇಜಾರು. 1943ರ ಅಕ್ಟೋಬರ್ 15ಕ್ಕೆ ಶುರುವಾದ ದಳ. ನಮ್ಮ ಮಾತು 'ಕರ್ಮ್ ಹಿ ಧರ್ಮ್'. ಬಂದೂಕು ಹಿಡಿದವನು ಮುಂದೆ ಹೋಗಬೇಕು ಅಂದರೆ ಅವನ ಗಾಡಿ ಓಡಬೇಕು, ಅವನ ತೋಪು ಸರಿ ಇರಬೇಕು. ಮುಂದಿನ ಪಡೆಗಳ ಜೊತೆಗೇ ನಮ್ಮ ಸಣ್ಣ ತುಕಡಿ ಇರುತ್ತದೆ, ಎಲ್‌ಎಡಿ ಅನ್ನುತ್ತೇವೆ. ಗಾಡಿ ಎಲ್ಲಿ ಕೆಟ್ಟಿತೋ ಅಲ್ಲೇ ರಿಪೇರಿ. ವರ್ಕ್‌ಶಾಪಿಗೆ ತರುವುದಕ್ಕೆ ಟೈಮ್ ಇರುವುದಿಲ್ಲ. ಆಗ ನಮ್ಮ ಕೈಗೆ ಬರುತ್ತಿದ್ದದ್ದು ಶಕ್ತಿಮಾನ್ ಲಾರಿ, ನಿಸ್ಸಾನ್ ಒನ್ ಟನ್, ಜೊಂಗಾ. ಶಕ್ತಿಮಾನ್ ಜರ್ಮನಿಯ ಎಂಎಎನ್ ಕಂಪನಿಯ ಲೈಸೆನ್ಸಿನಲ್ಲಿ ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಗಾಡಿ. ನಿಮ್ಮ ತಂದೆ ಡೀಸೆಲ್ ಕೆಲಸದಲ್ಲಿ ಹುಷಾರು ಇದ್ದರೆ ಅದರಲ್ಲೇ ಕೈ ಪಳಗಿಸಿಕೊಂಡಿರುತ್ತಾರೆ.

ಬರೋಡಾದ ಇಎಂಇ ಸ್ಕೂಲಿನಲ್ಲಿ ಕೋರ್ಸ್ ಮಾಡಿದ್ದರಾ? ಅಲ್ಲಿ 1966ರಲ್ಲಿ ಕಟ್ಟಿದ ದಕ್ಷಿಣಾಮೂರ್ತಿ ದೇವಸ್ಥಾನ ಇದೆ, ಮೇಲೆಲ್ಲ ಅಲ್ಯೂಮಿನಿಯಂ ತಗಡು. ಅಲ್ಲಿಗೆ ಹೋದ ನಮ್ಮವರು ಅದನ್ನು ಮರೆಯುವುದಿಲ್ಲ.

ದೊಡ್ಡ ಮಗಳು:

ಸರ್, ಡಿಸ್ಚಾರ್ಜ್ ಬುಕ್ಕು ನೋಡಿದೆ. ಪಶ್ಚಿಮಿ ಸ್ಟಾರ್ ಅಂತಲೇ ಇದೆ. ಅಂಚಿನಲ್ಲಿ ಅಪ್ಪಾಜಿಯ ನಂಬರು ಸಿಕ್ಕಿತು. ಅವ್ವನ ಬೆರಳು ಹಿಡಿದು ಅದರ ಮೇಲೆ ಸವರಿಸಿದೆ.

ನೀವು ಹೇಳಿದ ದೇವಸ್ಥಾನದ ಫೋಟೊ ನಮ್ಮ ದೇವರ ಗೂಡಿನಲ್ಲಿದೆ! ಬೆಳ್ಳಗೆ ಹೊಳೆಯುವ ಗುಮ್ಮಟ. ಯಾವುದೋ ಫ್ಯಾಕ್ಟರಿ ಅಂದುಕೊಂಡಿದ್ದೆ. ದೇವರ ಜೊತೆ ಯಾಕೆ ಇಟ್ಟಿದ್ದಾರೆ ಅಂತ ಚಿಕ್ಕವಳಿದ್ದಾಗಿನಿಂದ ಯೋಚಿಸುತ್ತಿದ್ದೆ.

ಚಳ್ಳಕೆರೆ ಲಾರಿ:

ತಂಗಿ, ನಿಮ್ಮ ಅಪ್ಪಾಜಿ ನನಗೆ ಗೊತ್ತು. ಚೆನ್ನಾಗಿ ಗೊತ್ತು.

ನಮ್ಮದು ಆಗ ಒಂದು ಟಾಟಾ 1210. ನಾನೇ ಡ್ರೈವರು, ನಾನೇ ಓನರು. ಚಳ್ಳಕೆರೆ ಎಣ್ಣೆ ಮಿಲ್ಲಿನಿಂದ ಶೇಂಗಾ ಹಿಂಡಿ ತುಂಬಿಕೊಂಡು ಬೆಳಗಾವಿಗೆ ಹೊರಟಿದ್ದೆ. ಮಳೆಗಾಲ. ಆನಗೋಡು ದಾಟಿದ ಮೇಲೆ ಗಾಡಿ ಎರಡು ಸಲ ಜಗ್ಗಿ ನಿಂತೇಬಿಟ್ಟಿತು. ರಾತ್ರಿ ಹನ್ನೆರಡೂವರೆ ಇರಬೇಕು. ಹಿಂಡಿಗೆ ನೀರು ಬಿದ್ದರೆ ಬೂಸ್ಟು ಬರುತ್ತೆ, ಲೋಡು ಹೋದಂಗೇ. ತಾಡಪಾಲು ಬೇರೆ ಒಂದು ಕಡೆ ಹರಿದಿತ್ತು. ಮೊಬೈಲು ಎಲ್ಲಿಂದ ಬರಬೇಕು ಆಗ. ಕ್ಲೀನರ್ ಹುಡುಗನನ್ನು ಬೇರೆ ಲಾರಿ ಹತ್ತಿಸಿ ಕಳಿಸಿದೆ. ಒಂದೂವರೆ ಗಂಟೆ ಆದ ಮೇಲೆ ಮೇಸ್ತ್ರಿ ಟಿವಿಎಸ್ ಫಿಫ್ಟಿಯಲ್ಲಿ ಬಂದರು. ಹಿಂದೆ ನಮ್ಮ ಹುಡುಗ, ಹೆಗಲ ಮೇಲೆ ಈ ಚೀಲ. ನೀವು ಹೇಳಿದ ಚೀಲ ಅದೇ ಇರಬೇಕು.

ನಾನು ಬ್ಯಾಟರಿ ಹಿಡಿದೆ, ಸೆಲ್ಲು ಹೋಗುತ್ತಾ ಬಂದಿತ್ತು, ಮಿಣಮಿಣ ಅಂತಿತ್ತು. ಮೇಸ್ತ್ರಿ "ಅದನ್ನ ಆಫ್ ಮಾಡಪ್ಪ, ಕಣ್ಣಿಗೆ ಹೊಡೀತದೆ" ಅಂದರು. ಆಮೇಲೆ ಪೂರ್ತಿ ಕತ್ತಲಲ್ಲೇ ಕೆಲಸ. ಡೀಸೆಲ್ ಟ್ಯಾಂಕಿನ ಕೆಳಗೆ ಕೈ ಆಡಿಸಿ ಸಣ್ಣ ತೂತು ಹುಡುಕಿದರು. ಕಲ್ಲು ಸಿಡಿದು ಆಗಿದ್ದು. ಡೀಸೆಲ್ ಸೋರಿ ಸೋರಿ ಟ್ಯಾಂಕ್ ತಳ ಕಂಡಿತ್ತು, ಲೈನಿಗೆ ಗಾಳಿ ಸೇರಿತ್ತು. ಜೇಬಿನಿಂದ ಸೋಪಿನ ತುಂಡು ತೆಗೆದು ಒದ್ದೆ ಮಾಡಿ ತೂತಿಗೆ ಉಜ್ಜಿ ಉಜ್ಜಿ ತುಂಬಿದರು. ಡೀಸೆಲ್ಲಿಗೆ ಸೋಪು ಕರಗಲ್ಲ, ಹಿಡಿದುಕೊಳ್ಳುತ್ತೆ, ಅವತ್ತು ಕಲಿತದ್ದು. ಟಿವಿಎಸ್‌ಗೆ ಕಟ್ಟಿಕೊಂಡು ಬಂದಿದ್ದ ಕ್ಯಾನಿನ ಡೀಸೆಲ್ ಹಾಕಿ, ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಹ್ಯಾಂಡ್ ಪಂಪ್ ಒತ್ತಿ ಒತ್ತಿ ಗಾಳಿ ತೆಗೆದರು. ಗುಳ್ಳೆ ನಿಂತಿದ್ದು ಕಣ್ಣಲ್ಲಿ ನೋಡಲಿಲ್ಲ, ಸದ್ದಿನ ಮೇಲೆ ಹೇಳಿದರು. ಆಮೇಲೆ ನಾಜಲ್ ಪೈಪಿನ ನಟ್ಟು ಒಂದೊಂದಾಗಿ. ಒಂದು ಸಲವೂ ಪಾನಾ ತಡಕಾಡಲಿಲ್ಲ. ಚೀಲಕ್ಕೆ ಕೈ ಹಾಕಿದರೆ ಬೇಕಾದ್ದೇ ಬರುತ್ತಿತ್ತು. ನಾನು ಮನಸ್ಸಿನಲ್ಲೇ ಇವರಿಗೆ ಬೆಕ್ಕಿನ ಕಣ್ಣು ಅಂದುಕೊಂಡೆ.

ದುಡ್ಡು ಎಷ್ಟು ಅಂದೆ. "ಡೀಸೆಲ್ಲಿಂದು ಕೊಡು, ಉಳಿದಿದ್ದು ವಾಪಸ್ ಬರುವಾಗ" ಅಂದರು. ಸರಿ, ಬೆಳಕು ಹರಿಯಲಿ, ಟೀ ಕುಡಿದು ಹೋಗಿ ಅಂತ ಕೇಳಿಕೊಂಡೆ. ನಿಲ್ಲಲಿಲ್ಲ. "ಹುಡುಗೇರಿಗೆ ತಲೆ ಬಾಚಬೇಕು" ಅಂದರು. ನನಗೆ ಅವತ್ತು ಅರ್ಥ ಆಗಿರಲಿಲ್ಲ ತಂಗಿ, ನಿಮ್ಮ ಬರಹ ಓದಿದಾಗ ಅರ್ಥ ಆಯಿತು. ಮೂವತ್ತು ವರ್ಷದ ಮೇಲಾಯಿತು.

ದೊಡ್ಡ ಮಗಳು:

ಅಣ್ಣಾ, ಇದನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ.

ಗ್ಯಾರೇಜ್ ಹುಡುಗ:

ಅಕ್ಕಾ, ನಾನು ನಿಮ್ಮಪ್ಪಾಜಿ ಹತ್ತಿರ ಒಂಬತ್ತು ವರ್ಷ ಕೆಲಸ ಕಲಿತವನು. ನಿಮ್ಮ ಮನೆ ಊಟ ಉಂಡವನು. ಈಗ ಹರಿಹರದಲ್ಲಿ ನನ್ನದೇ ಸಣ್ಣ ಗ್ಯಾರೇಜಿದೆ. ಮಣ್ಣಿಗೆ ಬಂದಿದ್ದೆ, ಗಲಾಟೆಯಲ್ಲಿ ನಿಮ್ಮ ಹತ್ತಿರ ಮಾತಾಡಲಿಕ್ಕೆ ಆಗಲಿಲ್ಲ.

ಒಂದು ಮಾತು ಹೇಳಬೇಕು, ತಪ್ಪು ತಿಳಿಯಬೇಡಿ. ಸಿಟ್ಟು ಬರುತ್ತಿರಲಿಲ್ಲ ಅಂತ ಬರೆದಿದ್ದೀರಿ. ಮನೆಯಲ್ಲಿ ಬರುತ್ತಿರಲಿಲ್ಲ ಇರಬಹುದು. ಗ್ಯಾರೇಜಿನಲ್ಲಿ ಬರುತ್ತಿತ್ತು, ಜೋರಾಗಿಯೇ. ಪಾನಾ ನೆಲದ ಮೇಲೆ ಇಟ್ಟರೆ ಮುಗೀತು. ಒಂದು ಸಲ ನಾನು ಹೌಸಿಂಗ್ ಬಿಚ್ಚಿದಾಗ 16-17 ಸೈಜಿನ ಪಾನಾ ಜಾಕಿ ಹತ್ತಿರ ಬಿಟ್ಟಿದ್ದೆ. ಕೆನ್ನೆಗೆ ಒಂದು ಕೊಟ್ಟರು. ಒಂದು ಪಾನಾಕ್ಕೆ ಇಷ್ಟಾ ಅಂತ ಎರಡು ದಿನ ಗ್ಯಾರೇಜಿಗೆ ಹೋಗಲಿಲ್ಲ. ಮೂರನೇ ದಿನ ಅವರೇ ನಮ್ಮ ಮನೆಗೆ ಬಂದರು. ನಮ್ಮವ್ವನ ಮುಂದೆ "ಹೊಡೀಬಾರದಿತ್ತು, ತಪ್ಪಾಯ್ತು" ಅಂದರು. ಹದಿನಾಲ್ಕು ವರ್ಷದ ಹುಡುಗನಿಗೆ ಅಷ್ಟು ದೊಡ್ಡವರು ತಪ್ಪಾಯ್ತು ಅಂದಿದ್ದು. ಅದೇ ವಾರ ನನ್ನನ್ನು ಮತ್ತೆ ಸ್ಕೂಲಿಗೆ ಹಾಕಿದರು. ಬೆಳಿಗ್ಗೆ ಸ್ಕೂಲು, ಸಂಜೆ ಗ್ಯಾರೇಜು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಐಟಿಐ ಅರ್ಜಿ ತುಂಬಿದ್ದೂ ಅವರೇ.

ಕಲಿಸುವ ರೀತಿಯೇ ಬೇರೆ ಇತ್ತು. ಉದ್ದದ ಸ್ಕ್ರೂಡ್ರೈವರ್ ತುದಿ ಇಂಜಿನ್ ಮೇಲೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳು ಅನ್ನುತ್ತಿದ್ದರು. ಟ್ಯಾಪೆಟ್ ಸದ್ದು ಯಾವುದು, ಬೇರಿಂಗ್ ಸದ್ದು ಯಾವುದು ಅಂತ ಬೇರೆ ಮಾಡಿ ಹೇಳಬೇಕು. ತಪ್ಪು ಹೇಳಿದರೆ ಬೈತಿರಲಿಲ್ಲ, ಇನ್ನೊಮ್ಮೆ ಕೇಳು ಅನ್ನೋರು. ಈಗಿನ ಗಾಡಿಗೆ ಸ್ಕ್ಯಾನರ್ ಹಾಕುತ್ತೇವೆ. ಆದರೂ ನಾನು ಮೊದಲು ಕಿವಿ ಇಡುತ್ತೇನೆ. ಕೈ ಒರೆಸಲು ಕಾಟನ್ ಮಿಲ್ಲಿನ ವೇಸ್ಟ್ ನೂಲು ಇರುತ್ತಿತ್ತು, ಅದನ್ನೂ ಮಡಿಸಿ ಇಡಬೇಕಿತ್ತು.

ಚೀಲದ ಬಗ್ಗೆ ಹೇಳುತ್ತೇನೆ. ಅದರಲ್ಲಿ ಒಂದು ಕಡೆ ಎಂಎಂ ಪಾನಾ, ಟಾಟಾ ಗಾಡಿಗೆ. ಇನ್ನೊಂದು ಕಡೆ ಇಂಚಿನದು, ಹಳೇ ಲೇಲ್ಯಾಂಡಿಗೆ. ಗಂಟುಗಳು ಅಂದಕ್ಕಲ್ಲ ಅಕ್ಕಾ. ಸಣ್ಣದಕ್ಕೆ ಒಂದು ಗಂಟು, ಅದಕ್ಕಿಂತ ದೊಡ್ಡದಕ್ಕೆ ಎರಡು, ಹಂಗೇ ಮೇಲಕ್ಕೆ. ಸಂಜೆ ಬಾಗಿಲು ಹಾಕುವ ಮೊದಲು ಮೇಸ್ತ್ರಿ ಬಲ್ಬು ಆರಿಸೋರು. ಕತ್ತಲಲ್ಲಿ "14-15 ಕೊಡು" ಅನ್ನೋರು. ಹೆಬ್ಬೆರಳಲ್ಲಿ ಗಂಟು ಎಣಿಸಿ ಕೊಡಬೇಕು. ಮೂರು ಗಂಟು. ಆಮೇಲೆ "ವಾಪಸ್ ಇಡು". ಒಂಬತ್ತು ವರ್ಷದಲ್ಲಿ ಒಂದು ಸಂಜೆಯೂ ತಪ್ಪಿಸಿದ್ದಿಲ್ಲ. ಆಗ ಕರೆಂಟ್ ತುಂಬಾ ಹೋಗುತ್ತಿತ್ತಲ್ವಾ, ಅದಕ್ಕೇ ಇರಬೇಕು ಅಂತ ನಾವು ಹುಡುಗರು ಅಂದುಕೊಂಡಿದ್ದೆವು.

ಜಗಳೂರು ಸೀಮೆ:

ಅಕ್ಕಾವ್ರೆ, ಮಧ್ಯದಲ್ಲಿ ಬರುತ್ತಿದ್ದೇನೆ, ಆದರೆ ಇದು ಬೇಗ ಆಗಬೇಕಾದ ಕೆಲಸ. ನಿಮ್ಮ ತಾಯಿಯ ಕುಟುಂಬ ಪಿಂಚಣಿ ಕಾಗದ ಶುರು ಮಾಡಿದ್ದೀರಾ? ನಮ್ಮ ತಂದೆಯವರೂ ಸೈನ್ಯದಲ್ಲಿದ್ದವರು. ಹಳೇ ದಾಖಲೆಯಲ್ಲಿ ಊರು, ತಾಲ್ಲೂಕು ಜಗಳೂರು, ಜಿಲ್ಲೆ ಚಿತ್ರದುರ್ಗ ಅಂತ ಇತ್ತು. ಆಧಾರಿನಲ್ಲಿ ಜಿಲ್ಲೆ ದಾವಣಗೆರೆ. ಒಂದು ಕಚೇರಿಯಲ್ಲಿ ಇದು ಬೇರೆ ಬೇರೆ ವಿಳಾಸ ಅಂತ ಅರ್ಜಿ ವಾಪಸ್ ಮಾಡಿದರು. ನಮ್ಮವ್ವ ನಾಲ್ಕು ಸಲ ಮೆಟ್ಟಿಲು ಹತ್ತಿದಳು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಜಗಳೂರು ಈ ಕಡೆ ಬಂತು, ಊರೇನೂ ಎದ್ದು ಹೋಗಿಲ್ಲ ಅಂತ ತಿಳಿಸಿ ಹೇಳಬೇಕಾಯಿತು. ಅದನ್ನು ಅರ್ಜಿಯಲ್ಲಿ ಮೊದಲೇ ಒಂದು ಸಾಲು ಬರೆದುಬಿಡಿ.

ಇನ್ನೊಂದು, ಡಿಸ್ಚಾರ್ಜ್ ಬುಕ್ಕಿನಲ್ಲಿ ತಾಯಿಯ ಹೆಸರು ಹೇಗಿದೆ ನೋಡಿ. ಆಗಿನವರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿರುತ್ತಾರೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರಿಗೆ ಹೊಂದದಿದ್ದರೆ ಅಫಿಡವಿಟ್ ಕೇಳುತ್ತಾರೆ. ಮರಣ ಪತ್ರ, ಪಿಪಿಒ (ಪಿಂಚಣಿ ಆದೇಶದ ಕಾಗದ), ಡಿಸ್ಚಾರ್ಜ್ ಬುಕ್ಕು, ಇವುಗಳ ನಕಲು ನಾಲ್ಕೈದು ಇಟ್ಟುಕೊಳ್ಳಿ. ಅಸಲು ಯಾರ ಕೈಗೂ ಬಿಡಬೇಡಿ. ಇಎಂಇ ರೆಕಾರ್ಡ್ಸ್ ಸಿಕಂದರಾಬಾದಿನಲ್ಲೇ ಇದೆ, ಅಲ್ಲಿಗೂ ತಿಳಿಸಬೇಕು. ಈಗ ಸೈನ್ಯದ ಪಿಂಚಣಿ ಎಲ್ಲ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ. ಸೈನಿಕ ಕಲ್ಯಾಣ ಇಲಾಖೆಯವರು ಅರ್ಜಿಗೆ ಸಹಾಯ ಮಾಡುತ್ತಾರೆ.

ದೊಡ್ಡ ಮಗಳು:

ತುಂಬಾ ಉಪಕಾರ ಆಯಿತು. ಅವ್ವನ ಹೆಸರಿನಲ್ಲಿ ಒಂದು ಅಕ್ಷರ ಬೇರೆ ಇದೆ, ಈಗಲೇ ನೋಡಿದೆ. ಸೋಮವಾರ ಹೋಗುತ್ತೇವೆ.

ಗ್ಯಾರೇಜ್ ತಮ್ಮಾ, ನೀನು ಬರೆದದ್ದು ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ಹೊಡೆದದ್ದು ನನಗೆ ಗೊತ್ತಿರಲಿಲ್ಲ. ನೀನು ಬರೆದದ್ದು ಒಳ್ಳೆಯದಾಯಿತು. ಅಪ್ಪಾಜಿ ಪೂರ್ತಿ ಇರಲಿ ಇಲ್ಲಿ.

ಚಿಕ್ಕ ಮಗ:

ನಾನು ಅಕ್ಕನ ತಮ್ಮ. ಧಾರವಾಡದಲ್ಲಿ ಬಸ್ಸು ತಯಾರು ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ. ಶಿಫ್ಟ್ ಮುಗಿಸಿ ಬಂದು ಇದನ್ನೆಲ್ಲ ಓದಿದೆ. ಈಗ ಬೆಳಗಿನ ಜಾವ ಮೂರು.

ಕತ್ತಲಲ್ಲಿ ಪಾನಾ ಹುಡುಕುವುದು ಕರೆಂಟಿಗಾಗಿ ಅಲ್ಲ. ಅಪ್ಪಾಜಿ ನನಗೆ ಒಂದೇ ಒಂದು ಸಲ ಹೇಳಿದ್ದರು, ನಾನು ಕೆಲಸಕ್ಕೆ ಸೇರುವ ಹಿಂದಿನ ರಾತ್ರಿ, ಮನೆಯ ಮಾಳಿಗೆ ಮೇಲೆ. ಅಕ್ಕನಿಗೂ ಹೇಳಿರಲಿಲ್ಲ ನಾನು. ಹೇಳಬೇಡ ಅಂತ ಅವರು ಅಂದಿರಲಿಲ್ಲ, ಆದರೂ ಹೇಳಲು ಆಗಿರಲಿಲ್ಲ.

1971ರ ಡಿಸೆಂಬರ್. 3ನೇ ತಾರೀಖು ಸಂಜೆ ಪಠಾಣ್‌ಕೋಟ್ ಏರ್‌ಫೀಲ್ಡ್ ಮೇಲೆ ಬಾಂಬು ಬಿದ್ದು ಯುದ್ಧ ಶುರುವಾಯಿತು. ಅಪ್ಪಾಜಿ ಇದ್ದದ್ದು ಸಾಂಬಾ ಕಡೆ. 23 ವಯಸ್ಸು. ಕತ್ತಲಾದರೆ ಪೂರ್ತಿ ಬ್ಲ್ಯಾಕ್‌ಔಟ್, ಬೀಡಿ ಕೂಡ ಹಚ್ಚುವ ಹಾಗಿಲ್ಲ. ಗುಂಡು ತುಂಬಿದ ಒಂದು ಶಕ್ತಿಮಾನ್ ರಾತ್ರಿ ದಾರಿಯಲ್ಲಿ ನಿಂತುಬಿಟ್ಟಿತು. ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟ್ ಕಟ್ಟಾಗಿತ್ತು. ಇವರು ಕಂಬಳಿ ಹೊದ್ದು ಗಾಡಿ ಕೆಳಗೆ ಮಲಗಿದ್ದಾರೆ. ಚಳಿಗೆ ಬೆರಳು ಸೆಟೆದುಹೋಗಿ ಟೂಲ್ ಬಾಕ್ಸ್ ಜಾರಿ ಮರಳಿಗೆ ಬಿತ್ತಂತೆ, ಎಲ್ಲ ಚೆಲ್ಲಿಹೋಯಿತು. ಬೇಕಾದ ಒಂದು ಪಾನಾ ಸಿಗಲಿಲ್ಲ. ಬ್ಯಾಟರಿ ಹಾಕುವಂತಿಲ್ಲ. ಇಬ್ಬರು ಮರಳನ್ನು ಜರಡಿ ಹಿಡಿದ ಹಾಗೆ ಕೈಯಲ್ಲಿ ಜಾಲಾಡಿದ್ದಾರೆ. ಅರ್ಧ ಗಂಟೆ.

"ಮುಂದೆ ಹುಡುಗರು ಗುಂಡಿಗೆ ಕಾಯ್ತಿದ್ರು" ಅಂದರು ಅಪ್ಪಾಜಿ. ಆಮೇಲೆ ಏನಾಯಿತು ಅಂತ ಕೇಳಿದೆ. ಗಾಡಿ ಹೋಯಿತು ಅಂದರು. ಅಷ್ಟೇ. ಎದ್ದು ಕೆಳಗೆ ಹೋದರು.

ಅವರು ಸಿಟ್ಟು ಮಾಡಿದ್ದು ಯಾಕೆ ಅಂತ ಗ್ಯಾರೇಜ್ ಅಣ್ಣನಿಗೆ ಗೊತ್ತಾಗಲಿ ಅಂತ ಬರೆದೆ.

ಹಿರಿಯೂರಿನ ಮಾಜಿ ಸೈನಿಕ:

ತಮ್ಮಾ, ಓದಿದೆ. ಆ ಅರ್ಧ ಗಂಟೆಯ ಭಾರ ನನಗೆ ಗೊತ್ತಾಗುತ್ತದೆ. ಅವರ ತಪ್ಪೇನೂ ಇರಲಿಲ್ಲ. ಡಿಸೆಂಬರಿನಲ್ಲಿ ಆ ಕಡೆ ಕಬ್ಬಿಣ ಮುಟ್ಟಿದರೆ ಕೈ ಜೋಮು ಹಿಡಿಯುತ್ತದೆ. ಇದನ್ನು ಅವರಿಗೆ ಯಾರಾದರೂ ಬಾಯಿ ಬಿಟ್ಟು ಹೇಳಿದ್ದರೆ ಚೆನ್ನಾಗಿತ್ತು.

ಗ್ಯಾರೇಜ್ ಹುಡುಗ:

ಅಣ್ಣಾ, ನನ್ನ ಕೈಯಿಂದ ಬಿದ್ದದ್ದು ಒಂದೇ ಪಾನಾ. ಈಗ ಗೊತ್ತಾಯಿತು.

ಅಕ್ಕಾ, ಚೀಲ ನನಗೆ ಕೊಡಿ ಅಂತ ಕೇಳುವ ಹಕ್ಕು ನನಗಿಲ್ಲ. ಕೊಟ್ಟರೆ ಗಾಜಿನ ಪೆಟ್ಟಿಗೆಯಲ್ಲಿ ಇಡಲ್ಲ, ದಿನಾ ಬಳಸುತ್ತೇನೆ. ನನ್ನ ಹತ್ತಿರ ಇಬ್ಬರು ಹುಡುಗರಿದ್ದಾರೆ. ಅವರಿಗೂ ಸಂಜೆ ಬಲ್ಬು ಆರಿಸಿ ಕೇಳುತ್ತೇನೆ.

ದೊಡ್ಡ ಮಗಳು:

ನಿನ್ನೆ ಸಂಜೆ ಎಲ್ಲವನ್ನೂ ಅವ್ವನಿಗೆ ಓದಿದೆ, ತಮ್ಮ ಬರೆದದ್ದನ್ನೂ. ಅವ್ವನಿಗೆ ಅದು ಮೊದಲೇ ಗೊತ್ತಿತ್ತು. ಸೈನ್ಯದಿಂದ ಬಂದ ವರ್ಷ ಅಪ್ಪಾಜಿ ರಾತ್ರಿ ಎದ್ದು ಕೂತು ಹಾಸಿಗೆಯ ಮೇಲೆ ಕೈಯಾಡಿಸಿ ಏನೋ ಹುಡುಕುತ್ತಿದ್ದರಂತೆ. ಎರಡು ಮೂರು ಸಲ ನೋಡಿ ಅವ್ವ ಕೇಳಿದ್ದಾಳೆ, ಆಗ ಹೇಳಿದ್ದಾರೆ. ಮಾರನೇ ದಿನ ಅವಳೇ ಲಾರಿಯ ಹಳೇ ತಾಡಪಾಲು ಕೇಳಿ ತಂದು, ಗೋಣಿಚೀಲ ಹೊಲಿಯುವ ದಬ್ಬಣದಲ್ಲಿ ಜೇಬು ಹೊಲಿದಳಂತೆ. ಗಂಟು ಹಾಕುವ ಯೋಚನೆಯೂ ಅವಳದೇ. "ಅವರು ಹೇಳಿದ್ರು, ಹೊಲಿದೆ" ಅಂತ ನನಗೆ ಸುಮ್ನೆ ಹೇಳಿದ್ದಳು. ಚೀಲ ಬಂದ ಮೇಲೆ ಹುಡುಕುವುದು ಕಮ್ಮಿ ಆಯಿತು ಅಂದಳು.

ಗ್ಯಾರೇಜ್ ತಮ್ಮಾ, ಚೀಲ ನಿನಗೇ. ಅವ್ವನ ಮಾತು. ಭಾನುವಾರ ಹರಿಹರದಿಂದ ಬಾ, ಊಟಕ್ಕೆ ಬಾ. ಆದರೆ ಎಂಎಂ ಕಡೆ ಮೂರನೇ ಜೇಬು ಬಿಚ್ಚಿಹೋಗಿದೆ, ಅದನ್ನು ಹೊಲಿಯದೆ ಕೊಡುವುದಿಲ್ಲ ಅಂತ ಕೂತಿದ್ದಾಳೆ. ಅವ್ವನಿಗೆ ಕಣ್ಣು ಮಂಜು. ದಬ್ಬಣಕ್ಕೆ ದಾರ ನಾನು ಪೋಣಿಸಿ ಕೊಟ್ಟೆ. ಗಂಟು ಅವಳೇ ಹಾಕಿದಳು, ಮೂರು.